ರಾಮ್‌ಗಢಕ್ಕೆ ಬಂದ ಮೈಸೂರಿನ ಫಲಕ

ಚಲನಚಿತ್ರಗಳ ಕಾರು, ಮೋಟಾರ್‌ಸೈಕಲ್ಲುಗಳಲ್ಲಿ ದೋಷ ಹುಡುಕುವುದು ರಸಿಕರ ಒಂದು ವ್ಯಸನ. 1975ರ ‘ಶೋಲೆ’ಯಲ್ಲಿ ಜಯ್ ಮತ್ತು ವೀರು ಹಾಡುತ್ತ ಓಡಿಸುವ ಬಿ.ಎಸ್.ಎ. ಬೈಕನ್ನೇ ನೋಡಿ. ಕಳಚಿಹೋದ ಪಕ್ಕಗಾಡಿ ತಾನಾಗಿಯೇ ಬಂದು ಕೂಡಿಕೊಳ್ಳುವುದು ಯಂತ್ರಶಾಸ್ತ್ರಕ್ಕೆ ವಿರುದ್ಧ. ಹಾಡಿನ ಲೋಕದಲ್ಲಿ ಅದು ಕ್ಷಮ್ಯ. ಆದರೆ ಫಲಕದ ಮೇಲೆ ‘ಎಂ.ವೈ.ಬಿ. 3047’ ಎಂದಿದೆ. ಉತ್ತರದ ಡಕಾಯಿತರ ರಾಮ್‌ಗಢಕ್ಕೆ ಮೈಸೂರು ರಾಜ್ಯದ ಅಕ್ಷರಗಳು ಬಂದುದೆಂತು?

ಚಿತ್ರೀಕರಣ ನಡೆದದ್ದು ನಮ್ಮ ರಾಮನಗರದಲ್ಲಿ. ಶಹಾಪುರದ ಗುಡ್ಡಗಳನ್ನು ಕಂಡವರಿಗೆ ಅಲ್ಲಿಯ ಬಂಡೆಗಳು ಹೊಸವೆನಿಸಲಾರವು. ಅದು ಆರಂಭವಾದದ್ದು 1973ರ ಅಕ್ಟೋಬರ್ 3ರಂದು. ಇನ್ನೂ ತಿಂಗಳು ತುಂಬುವ ಮುನ್ನ, ನವೆಂಬರ್ 1ರಂದು, ರಾಜ್ಯದ ಹೆಸರೇ ಕರ್ನಾಟಕವಾಯಿತು. ಕಥೆಗೆ ಹೊಂದದ ಫಲಕ ಆ ಮೊದಲ ದಿನಕ್ಕೆ ಸರಿಯಾಗಿಯೇ ಇತ್ತು.

ಯಾದಗಿರಿ, ಶಹಾಪುರ, ಸುರಪುರಗಳವರಿಗೆ ಈ ಅಕ್ಷರಗಳು ಬರಿಯ ಕುತೂಹಲದ ಸಂಗತಿಯಲ್ಲ. 1956ರವರೆಗೆ ಹೈದರಾಬಾದಿಗೆ ಸೇರಿದ್ದ ಈ ಸೀಮೆ, ಏಕೀಕರಣದ ಬಳಿಕವೂ ಹದಿನೇಳು ವರ್ಷ ಮತ್ತೊಂದು ಸೀಮೆಯ ಹೆಸರನ್ನೇ ಹೊತ್ತು ನಡೆಯಿತು. ಹೆಸರು ಬದಲಾದರೂ ಹಳೆಯ ಫಲಕಗಳು ಉಳಿದವು, ‘ಕೆ.ಎ.’ ಬಂದದ್ದು 1980ರ ದಶಕದ ಕೊನೆಗೆ. 2009ರಲ್ಲಿ ಜಿಲ್ಲೆಯಾದ ಯಾದಗಿರಿಯ ವಾಹನಗಳ ಮೇಲೆ ಇಂದು ‘ಕೆ.ಎ. 33’ ಎಂದಿರುತ್ತದೆ.