ಪರಿಸರ ಎಂಜಿನಿಯರಿಂಗ್ ಶಿಕ್ಷಣದಲ್ಲಿ ಜೀವಿಪರಿಸರ ವಿಜ್ಞಾನ

ಕುಡಿಯುವ ನೀರಿನ ಶುದ್ಧೀಕರಣ, ಕೊಳಚೆಯ ಸಂಸ್ಕರಣೆ, ನದಿ-ಕೆರೆಗಳ ರಕ್ಷಣೆ ಪರಿಸರ ಎಂಜಿನಿಯರರ ಹೊಣೆ. ಅವರಿಗೆ ಆಹಾರ ಸರಪಳಿ, ಪೋಷಕಾಂಶಗಳ ಚಕ್ರ, ಜೀವಿಸಮುದಾಯಗಳ ಏಳುಬೀಳುಗಳನ್ನು ಕಲಿಸುವ ಪರಿಪಾಠ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೊದಲಾಯಿತು. ಆದರೆ ಅದು ಒಂದೇ ಸಮನೆ ಬೆಳೆಯಲಿಲ್ಲ. ಎಂಜಿನಿಯರರು ಮೊದಲಿನಿಂದಲೂ ಸೂಕ್ಷ್ಮಜೀವಿಗಳಿಂದಲೇ ಕೆಲಸ ಮಾಡಿಸಿಕೊಂಡರು. ಆ ಜೀವಿಗಳನ್ನು ಒಂದು ಸಮುದಾಯವಾಗಿ ಕಾಣುವುದನ್ನು ಮಾತ್ರ ತರಗತಿಗಳು ಬಹುಕಾಲ ಕಲಿಸಲಿಲ್ಲ.

ಆರಂಭದ ಕಾಲ ಆಶಾದಾಯಕವಾಗಿತ್ತು. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದಲ್ಲಿ 1887ರಲ್ಲಿ ಶುರುವಾದ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಎಂಜಿನಿಯರರು, ರಸಾಯನ ವಿಜ್ಞಾನಿಗಳು, ಜೀವವಿಜ್ಞಾನಿಗಳು ಒಟ್ಟಿಗೆ ದುಡಿದರು. ಮರಳಿನ ಹಾಸಿನ ಮೇಲೆ ಬಿಡುವು ಕೊಟ್ಟು ಕೊಳಚೆ ಹರಿಸಿದರೆ ಅದನ್ನು ಶುದ್ಧಮಾಡುವುದು ಮರಳಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಎಂಬುದು ಅಲ್ಲಿ ಸ್ಪಷ್ಟವಾಯಿತು. ಬಾಸ್ಟನ್ನಿನ ಎಂಐಟಿಯಲ್ಲಿ ಎಲೆನ್ ಸ್ವಾಲೋ ರಿಚರ್ಡ್ಸ್ ನೀರಿನ ರಸಾಯನಶಾಸ್ತ್ರವನ್ನೂ ವಿಲಿಯಂ ಸೆಡ್ಜ್‌ವಿಕ್ ಬ್ಯಾಕ್ಟೀರಿಯಶಾಸ್ತ್ರವನ್ನೂ ನೈರ್ಮಲ್ಯ ಎಂಜಿನಿಯರರಿಗೆ ಕಲಿಸಿದರು. ಅಲ್ಲಿಂದ ಬಂದ ಜಾರ್ಜ್ ವಿಪ್ಪಲ್ 1899ರಲ್ಲಿ ಕುಡಿಯುವ ನೀರಿನ ಸೂಕ್ಷ್ಮದರ್ಶನವನ್ನು ಕುರಿತು ಪುಸ್ತಕ ಬರೆದರು. ಜಲಾಶಯದ ಪಾಚಿಯನ್ನು ಎಣಿಸಲು ಬಳಸುವ ಸೆಡ್ಜ್‌ವಿಕ್-ರಾಫ್ಟರ್ ಕೋಶ ಇಂದಿಗೂ ಪ್ರಯೋಗಾಲಯಗಳಲ್ಲಿದೆ.

ಮುಂದೆ ದಾರಿ ಕವಲೊಡೆಯಿತು. ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸೋನ್ 1908-09ರಲ್ಲಿ, ನದಿಯ ಯಾವ ಭಾಗದಲ್ಲಿ ಯಾವ ಜೀವಿಗಳಿವೆ ಎಂಬುದರಿಂದಲೇ ಮಾಲಿನ್ಯದ ಮಟ್ಟವನ್ನು ಗುರುತಿಸುವ ಕ್ರಮವನ್ನು ರೂಪಿಸಿದರು. ಬ್ರಿಟನ್ನಿನ ಕೊಳಚೆ ವಿಲೇವಾರಿಯ ರಾಯಲ್ ಆಯೋಗ ಬೇರೆ ದಾರಿ ಹಿಡಿಯಿತು. 1912ರ ವರದಿಯಲ್ಲಿ ಅದು ನದಿಗೆ ಬಿಡುವ ಸಂಸ್ಕರಿತ ಕೊಳಚೆಯ ಐದು ದಿನಗಳ ಬಿಒಡಿ, ಅಂದರೆ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಪ್ರಮಾಣ, ಲೀಟರಿಗೆ 20 ಮಿಲಿಗ್ರಾಂ ಮೀರಬಾರದೆಂದು ಶಿಫಾರಸು ಮಾಡಿತು. 1925ರಲ್ಲಿ ಸ್ಟ್ರೀಟರ್ ಮತ್ತು ಫೆಲ್ಪ್ಸ್, ಓಹಿಯೊ ನದಿಯ ಅಧ್ಯಯನದಿಂದ, ಕೊಳಚೆ ಸೇರಿದ ಮೇಲೆ ಆಮ್ಲಜನಕ ಕುಸಿದು ಮತ್ತೆ ಏರುವ ಬಗೆಯನ್ನು ಸಮೀಕರಣಕ್ಕೆ ಇಳಿಸಿದರು. ವಿನ್ಯಾಸಕ್ಕೆ ಈ ಲೆಕ್ಕ ಅನಿವಾರ್ಯವೇ ಆಗಿತ್ತು, ಅದರ ಉಪಕಾರವೂ ದೊಡ್ಡದು. ಆದರೆ ಪಠ್ಯಪುಸ್ತಕಗಳಲ್ಲಿ ನದಿಯ ಹುಳು, ಮೀನು, ಪಾಚಿಗಳ ಜಾಗದಲ್ಲಿ ಒಂದು ವಕ್ರರೇಖೆಯಷ್ಟೇ ಉಳಿಯಿತು. ಈ ನಷ್ಟವನ್ನು ತುಂಬಲು ದಶಕಗಳೇ ಹಿಡಿದವು.

ಈ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಅಧ್ಯಾಯವಿದೆ. ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಕೊಳಚೆಗೆ ಗಾಳಿಯೂದಿ, ತಳಕ್ಕಿಳಿದ ಜೀವಂತ ಕೆಸರನ್ನು ಮತ್ತೆ ತೊಟ್ಟಿಗೆ ಮರಳಿಸುವ ವಿಧಾನವನ್ನು 1914ರಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಮ್ಯಾಂಚೆಸ್ಟರಿನಲ್ಲಿ ಪ್ರಕಟಿಸಿದರು. ಅವರಿಗೆ ಪ್ರೇರಣೆ ಕೊಟ್ಟ ಗಿಲ್ಬರ್ಟ್ ಫೌಲರ್ 1916ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಕೆಸರಿನ ಮೇಲಿನ ಸಂಶೋಧನೆ ಅಲ್ಲಿ ಬೇರೂರಿತು. ಅದೇ ಸಂಸ್ಥೆಯ ಎಸ್.ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ 1942ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ, ಕೆಸರಿನಿಂದಾಗುವ ಶುದ್ಧೀಕರಣದಲ್ಲಿ ಏಕಕೋಶ ಜೀವಿಗಳಾದ ಪ್ರೋಟೊಜೋವಾಗಳಿಗೆ ಮುಖ್ಯ ಪಾತ್ರವಿದೆ ಎಂದು ವಾದಿಸಿದರು. ಬ್ಯಾಕ್ಟೀರಿಯಗಳೇ ಎಲ್ಲವನ್ನೂ ಮಾಡುತ್ತವೆ ಎಂದು ಬಗೆದಿದ್ದ ಕಾಲದಲ್ಲಿ ಇದು ದಿಟ್ಟ ಮಾತು. 1968ರಲ್ಲಿ ಇಂಗ್ಲೆಂಡಿನಲ್ಲಿ ಕರ್ಡ್ಸ್ ಮತ್ತು ಸಂಗಡಿಗರು, ಲೋಮಾಂಗಿ ಪ್ರೋಟೊಜೋವಾಗಳಿಲ್ಲದ ತೊಟ್ಟಿಯಿಂದ ಹೊರಬರುವ ನೀರು ಕದಡಿಯೇ ಇರುತ್ತದೆ, ಅವನ್ನು ಸೇರಿಸಿದರೆ ತಿಳಿಯಾಗುತ್ತದೆ ಎಂದು ತೋರಿಸಿದರು. ಚದುರಿದ ಬ್ಯಾಕ್ಟೀರಿಯಗಳನ್ನು ಇವು ಮೇಯುತ್ತವೆ. ಬೇಟೆ ಮತ್ತು ಬೇಟೆಗಾರನ ಸಂಬಂಧವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗೆ ಕಲಿಸಲು ಹುಲಿ-ಜಿಂಕೆಗಳಿಗಿಂತ ಇದು ಒಳ್ಳೆಯ ಪಾಠ, ಏಕೆಂದರೆ ಇದು ಅವನೇ ಕಟ್ಟುವ ತೊಟ್ಟಿಯೊಳಗೆ ನಡೆಯುತ್ತದೆ.

ಅಮೆರಿಕದ ಜೀವಿಪರಿಸರ ವಿಜ್ಞಾನಿ ಯೂಜೀನ್ ಓಡಮ್ ಅವರ ಪಠ್ಯಪುಸ್ತಕ (1953) ಜೀವಿಪರಿಸರ ವ್ಯವಸ್ಥೆಯ ಕಲ್ಪನೆಯನ್ನು ವಿಶ್ವವಿದ್ಯಾಲಯಗಳಿಗೆ ಒಯ್ದಿತು. ಹೈನ್ಸ್ 1960ರಲ್ಲಿ ಮಲಿನ ಜಲಗಳ ಜೀವಶಾಸ್ತ್ರವನ್ನೂ ಹಾಕ್ಸ್ 1963ರಲ್ಲಿ ಕೊಳಚೆ ಸಂಸ್ಕರಣೆಯ ಜೀವಿಪರಿಸರವನ್ನೂ ಕುರಿತು ಬರೆದರು. ಪುಸ್ತಕಗಳಷ್ಟೇ ಪ್ರಬಲವಾಗಿ ಪಾಠ ಹೇಳಿದ್ದು ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರ. ಅದಕ್ಕೆ ಸೇರುತ್ತಿದ್ದುದು ಬಹುಪಾಲು ಸಂಸ್ಕರಿಸಿದ ಕೊಳಚೆಯೇ. ಬಿಒಡಿ ಇಳಿದಿದ್ದರೂ ನೀರಿನಲ್ಲಿ ರಂಜಕ ಉಳಿದಿತ್ತು. 1955ರಲ್ಲಿ, ರಂಜಕ ಹೆಚ್ಚಿದ ನೀರಿನಲ್ಲಿ ಬೆಳೆಯುವ ಆಸಿಲಟೋರಿಯ ರುಬೆಸೆನ್ಸ್ ಎಂಬ ನೀಲಿ-ಹಸಿರು ಪಾಚಿ ಕಾಣಿಸಿಕೊಂಡಿತು. ಸರೋವರ ವಿಜ್ಞಾನಿ ಡಬ್ಲ್ಯು.ಟಿ. ಎಡ್ಮಂಡ್‌ಸನ್ ಪಾಚಿ ಇನ್ನೂ ಹೆಚ್ಚುತ್ತದೆಂದು ಎಚ್ಚರಿಸಿದರು. 1963ರಿಂದ 1968ರ ನಡುವೆ ಕೊಳಚೆಯನ್ನು ಬೇರೆಡೆಗೆ ತಿರುಗಿಸಿದ ಮೇಲೆ ನೀರು ತಿಳಿಯಾಯಿತು. ಒಂದು ಅಳತೆಯಲ್ಲಿ ಗೆದ್ದ ಸ್ಥಾವರ ಸರೋವರದ ಮಟ್ಟದಲ್ಲಿ ಸೋಲಬಹುದು ಎಂಬುದು ಇಲ್ಲಿ ಕಣ್ಣಿಗೆ ಕಂಡಿತು. ಯೂಜೀನರ ತಮ್ಮ ಹೊವಾರ್ಡ್ ಓಡಮ್ 1970ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಪರಿಸರ ಎಂಜಿನಿಯರಿಂಗ್ ವಿಭಾಗವನ್ನೇ ಸೇರಿ, ಸೈಪ್ರೆಸ್ ಜೌಗುಗಳಿಗೆ ಸಂಸ್ಕರಿತ ಕೊಳಚೆ ಹರಿಸಿ ವಿದ್ಯಾರ್ಥಿಗಳೊಂದಿಗೆ ಅಧ್ಯಯನ ಮಾಡಿದರು.

ಭಾರತದಲ್ಲಿ ಈ ವಿಷಯ ಸಿವಿಲ್ ಎಂಜಿನಿಯರಿಂಗ್‌ನ ಸಾರ್ವಜನಿಕ ಆರೋಗ್ಯ ಶಾಖೆಯಾಗಿ ಬೆಳೆಯಿತು. ಪರಿಸರ ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ 1991ರಲ್ಲೂ ಮತ್ತೆ 2003ರಲ್ಲೂ ಸುಪ್ರೀಂ ಕೋರ್ಟ್ ನೀಡಿದ ಆದೇಶಗಳ ಫಲವಾಗಿ ಎಲ್ಲ ಪದವಿಗಳಿಗೂ ಪರಿಸರ ಅಧ್ಯಯನ ಕಡ್ಡಾಯವಾಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ರೂಪಿಸಿದ ಆ ಪಠ್ಯದ 50 ಪಾಠಗಳಲ್ಲಿ ಕ್ಷೇತ್ರಕಾರ್ಯಕ್ಕೆ ಸಿಕ್ಕಿದ್ದು 5 ಮಾತ್ರ. ಎಲ್ಲರಿಗೂ ಸಲ್ಲುವ ಈ ಪಠ್ಯ ಕೊಳಚೆ ಸ್ಥಾವರ ಕಟ್ಟುವವರಿಗೆ ಸಾಲದು.

ಅವರು ಕಲಿಯಬೇಕಾದ ಪಾಠಗಳು ನಮ್ಮ ನಗರಗಳಲ್ಲೇ ಇವೆ. ಕೋಲ್ಕತ್ತದ ಎಂಜಿನಿಯರ್ ಧ್ರುಬಜ್ಯೋತಿ ಘೋಷ್ ಜೀವಿಪರಿಸರ ವಿಜ್ಞಾನವನ್ನು ಅಭ್ಯಾಸ ಮಾಡಿ, ಪೂರ್ವ ಕೋಲ್ಕತ್ತದ ಜೌಗಿನಲ್ಲಿರುವ ಭೇರಿ ಎಂಬ ಮೀನುಕೊಳಗಳಲ್ಲಿ ಮೀನುಗಾರರು ನಗರದ ಕೊಳಚೆಯನ್ನು ಬಿಸಿಲು-ಪಾಚಿಗಳ ನೆರವಿನಿಂದ ಮೀನಾಗಿಸುವ ಬಗೆಯನ್ನು ಲೋಕಕ್ಕೆ ತಿಳಿಸಿದರು. 2002ರಲ್ಲಿ ಆ ಜೌಗು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವಾಯಿತು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಕೊಳಚೆ ಸಂಸ್ಕರಣಾ ಸ್ಥಾವರದಿಂದ ಬಂದ ನೀರು ಜೊಂಡು ಬೆಳೆದ ಜೌಗನ್ನು ಹಾದು ಕೆರೆ ಸೇರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯವರು ಅಲ್ಲಿ ಪೋಷಕಾಂಶಗಳನ್ನು ಅಳೆದಿದ್ದಾರೆ. ಸಾರಜನಕದ ಒಂದು ಪಾಲನ್ನು ಬ್ಯಾಕ್ಟೀರಿಯಗಳು ಗಾಳಿಗೆ ಬಿಡುತ್ತವೆ. ರಂಜಕಕ್ಕೆ ಆ ದಾರಿಯಿಲ್ಲ, ಅದು ಗಿಡದಲ್ಲಿ ಅಥವಾ ಹೂಳಿನಲ್ಲಿ ನಿಲ್ಲಬೇಕು. ಹಾಗಾಗಿ ಇಂಥ ಜೌಗಿನಲ್ಲಿ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸದಿದ್ದರೆ, ಅದು ಕೊಳೆತಾಗ ಹೀರಿದ ರಂಜಕ ನೀರಿಗೇ ಮರಳುತ್ತದೆ.