ಷಿಕಾಗೋದಿಂದ ಕರಾಕಸ್‌ಗೆ: ಬೇಕರ್ ಮೆಕೆಂಜಿ

ರಸೆಲ್ ಬೇಕರ್ ಬೆಳೆದದ್ದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ, ಸ್ಪ್ಯಾನಿಷ್ ಮಾತು ಕಿವಿಗೆ ಬೀಳುತ್ತಿದ್ದ ಸೀಮೆಯಲ್ಲಿ. ಷಿಕಾಗೋದಲ್ಲಿ ಕಾನೂನು ಓದಿ 1925ರಲ್ಲಿ ವಕೀಲಿಕೆ ಆರಂಭಿಸಿದರು. ನಗರದ ಮೆಕ್ಸಿಕನ್ ವಲಸಿಗರು ಅವರ ಕಕ್ಷಿದಾರರಾದರು. ಮುಂದೆ ಔಷಧ ಕಂಪನಿ ಅಬಾಟ್‌ನ ವಿದೇಶಿ ವ್ಯವಹಾರದ ಕೆಲಸ ಕೈಗೆ ಬಂತು. ನ್ಯಾಯಾಲಯದ ವಾದದಲ್ಲಿ ಪಳಗಿದ ಜಾನ್ ಮೆಕೆಂಜಿ 1949ರಲ್ಲಿ ಜೊತೆಯಾದರು. ಅವರ ವಕೀಲರ ಸಂಸ್ಥೆಗೆ ಇಬ್ಬರ ಹೆಸರೂ ಸೇರಿ ಬೇಕರ್ ಮೆಕೆಂಜಿ ಎಂದು ನಿಂತಿತು.

1955ರಲ್ಲಿ ಮೊದಲ ವಿದೇಶಿ ಕಚೇರಿ ತೆರೆದದ್ದು ಲಂಡನ್‌ನಲ್ಲಲ್ಲ, ತೈಲದ ಹಣ ಹರಿಯುತ್ತಿದ್ದ ವೆನೆಜುವೆಲಾದ ಕರಾಕಸ್‌ನಲ್ಲಿ. ಯುದ್ಧಾನಂತರ ಅಮೆರಿಕದ ಕಂಪನಿಗಳು ಹೊರನಾಡುಗಳಲ್ಲಿ ಕಾರ್ಖಾನೆ ಕಟ್ಟುತ್ತಿದ್ದವು. ತೆರಿಗೆ, ಪರವಾನಗಿ, ಕಾರ್ಮಿಕ ಕಾಯ್ದೆ ದೇಶದಿಂದ ದೇಶಕ್ಕೆ ಬೇರೆ. ಬೇಕರ್ ಹಿಡಿದ ದಾರಿ ಇಂದಿಗೂ ಗೌರವಕ್ಕೆ ಅರ್ಹ: ಆಯಾ ನೆಲದ ಕಾನೂನು ಬಲ್ಲ ಸ್ಥಳೀಯ ವಕೀಲರನ್ನೇ ಸೇರಿಸಿಕೊಂಡು ಅವರಿಗೆ ಪಾಲುದಾರಿಕೆಯನ್ನೂ ಕೊಡುವುದು. ವಲಸಿಗರ ನಡುವೆ ದುಡಿದವರಿಗೆ ಇದು ಸಹಜವಾಗಿಯೇ ಹೊಳೆದಿರಬೇಕು. ಆಮ್‌ಸ್ಟರ್‌ಡ್ಯಾಮ್, ಬ್ರಸೆಲ್ಸ್, ಲಂಡನ್, ಟೋಕಿಯೊ, ಹಾಂಗ್‌ಕಾಂಗ್ ಒಂದೊಂದಾಗಿ ಸೇರಿಕೊಂಡವು.

1981ರಲ್ಲಿ ಪ್ಯಾರಿಸ್ ಕಚೇರಿಗೆ ಬಂದ ಯುವ ವಕೀಲೆ ಕ್ರಿಸ್ಟಿನ್ ಲಗಾರ್ಡ್ 1999ರಲ್ಲಿ ಇಡೀ ಸಂಸ್ಥೆಯ ಮೊದಲ ಮಹಿಳಾ ಮುಖ್ಯಸ್ಥೆಯಾದರು. 2005ರಲ್ಲಿ ಸಂಸ್ಥೆ ಬಿಟ್ಟು ಫ್ರಾನ್ಸ್‌ನ ಮಂತ್ರಿಮಂಡಲ ಸೇರಿದ ಅವರು 2011ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಚುಕ್ಕಾಣಿ ಹಿಡಿದರು.