ಗೇರ್ ಆಯಿಲ್ ಮತ್ತು ಟ್ರಾನ್ಸ್‌ಮಿಷನ್ ದ್ರವ: ಅಮೆರಿಕದ ಪರ್ಫಾರ್ಮೆನ್ಸ್ ಪಿಕಪ್‌ಗಳಲ್ಲಿ

ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್ಲಿಗೂ ಹಾಕುವ ಎಣ್ಣೆ ಹಲ್ಲುಗಳ ಸವೆತ ತಡೆಯುವುದಕ್ಕೆ ಮಾತ್ರ ಇರುವುದಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಅದು ಪಂಪಿನ ಒತ್ತಡ ಹೊತ್ತು ಕ್ಲಚ್ ಪ್ಲೇಟುಗಳನ್ನು ಒತ್ತುತ್ತದೆ, ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ನಿನ ಬಲವನ್ನು ದಾಟಿಸುತ್ತದೆ, ಬಿಸಿಯನ್ನು ಕೂಲರಿಗೆ ಒಯ್ಯುತ್ತದೆ. ಪ್ಲೇಟುಗಳು ಎಷ್ಟು ಬೇಗ, ಎಷ್ಟು ಬಿಗಿಯಾಗಿ ಕಚ್ಚಿಕೊಳ್ಳಬೇಕೆಂಬುದೂ ಅದರ ರಾಸಾಯನಿಕ ಗುಣವನ್ನೇ ಅವಲಂಬಿಸಿದೆ. ಆದ್ದರಿಂದ ಅದನ್ನು ಯಂತ್ರದ ಒಂದು ಭಾಗವೆಂದೇ ಎಣಿಸಬೇಕು. ಗೇರಿನ ವಿನ್ಯಾಸ ಬದಲಾದಾಗಲೆಲ್ಲ ಎಣ್ಣೆಯೂ ಬದಲಾಗಿದೆ. ಹೊರೆಗಿಂತ ಹೆಚ್ಚಾಗಿ ವೇಗಕ್ಕೆಂದು ಹದಗೊಳಿಸಿದ ಅಮೆರಿಕದ ಪಿಕಪ್ ಟ್ರಕ್ಕುಗಳಲ್ಲಿ ಎಣ್ಣೆಯ ಆಯ್ಕೆ ತಪ್ಪಿದರೆ ಕೆಡುಕು ಬೇಗ ಕಾಣಿಸಿಕೊಳ್ಳುತ್ತದೆ.

ಮೋಟಾರು ವಾಹನಗಳ ಮೊದಲ ದಿನಗಳಲ್ಲಿ ಗೇರುಗಳಿಗೆಂದೇ ತಯಾರಾದ ಎಣ್ಣೆ ಇರಲಿಲ್ಲ. ಉಗಿಯಂತ್ರದ ಸಿಲಿಂಡರಿಗೆ ಬಳಸುತ್ತಿದ್ದ ದಪ್ಪ ಎಣ್ಣೆ, ಗ್ರೀಸು, ಪ್ರಾಣಿಕೊಬ್ಬು ಬೆರೆಸಿದ ಮಿಶ್ರಣಗಳೇ ಸಾಕಾಗುತ್ತಿದ್ದವು. 1926ರಲ್ಲಿ ಪ್ಯಾಕರ್ಡ್ ಕಂಪನಿ ತನ್ನ ಕಾರುಗಳ ಹಿಂದಿನ ಆಕ್ಸಲ್ಲಿಗೆ ಹೈಪಾಯ್ಡ್ ಗೇರುಗಳನ್ನು ತಂದಾಗ ಈ ಸ್ಥಿತಿ ಬದಲಾಯಿತು. ಹೈಪಾಯ್ಡ್ ಜೋಡಣೆಯಲ್ಲಿ ಪಿನಿಯನ್, ಕ್ರೌನ್ ಚಕ್ರದ ನಡುಮಧ್ಯಕ್ಕೆ ಬಾರದೆ ಕೆಳಗೆ ಕೂರುತ್ತದೆ. ಇದರಿಂದ ಪ್ರೊಪೆಲ್ಲರ್ ಶಾಫ್ಟ್ ತಗ್ಗಿ ವಾಹನದ ನೆಲವೂ ತಗ್ಗುತ್ತದೆ, ಪಿನಿಯನ್ನೂ ದಪ್ಪವಾಗಿ ಗಟ್ಟಿಯಾಗಿರುತ್ತದೆ. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಭಾರಿ ಒತ್ತಡದಲ್ಲಿ ಉದ್ದುದ್ದ ಜಾರುತ್ತವೆ. ಬರಿಯ ಖನಿಜ ತೈಲದ ಪದರ ಅಲ್ಲಿ ಹರಿದುಹೋಗುತ್ತದೆ. ಲೋಹಕ್ಕೆ ಲೋಹ ಅಂಟಿ, ಕಿತ್ತು, ಹಲ್ಲಿನ ಮೈ ಗೀರುಗೀರಾಗುತ್ತದೆ.

ಗಂಧಕ, ಕ್ಲೋರಿನ್ ಮತ್ತು ಸೀಸದ ಸಾಬೂನುಗಳನ್ನು ಬೆರೆಸಿದ ಎಣ್ಣೆಗಳು ಬಂದದ್ದು ಇದಕ್ಕೆ ಪರಿಹಾರವಾಗಿ. ಮುಂದೆ ಗಂಧಕ-ರಂಜಕದ ಜೋಡಿ ಅವುಗಳ ಜಾಗ ಹಿಡಿಯಿತು. ಹಲ್ಲುಗಳು ಉಜ್ಜಿ ಕಾದ ಜಾಗದಲ್ಲಿ ಗಂಧಕ ಕಬ್ಬಿಣದೊಡನೆ ಕೂಡಿ ತೆಳುವಾದ ಪೊರೆಯೊಂದನ್ನು ಕಟ್ಟುತ್ತದೆ. ಉಕ್ಕಿನ ಬದಲು ಈ ಪೊರೆ ಸವೆಯುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ. ಡಿಫರೆನ್ಷಿಯಲ್ ಹೌಸಿಂಗಿನ ಪ್ಲಗ್ ಬಿಚ್ಚಿದೊಡನೆ ಮೂಗಿಗೆ ಬಡಿಯುವ ಕೊಳೆತ ವಾಸನೆ ಈ ಗಂಧಕದ್ದೇ. ಅಮೆರಿಕದ ಸೇನೆ 1962ರಲ್ಲಿ ಹೊರಡಿಸಿದ ಮಿಲ್-ಎಲ್-2105ಬಿ ಮಾನದಂಡ ಮತ್ತು ಅದಕ್ಕೆ ಸರಿಗಟ್ಟುವ ಜಿಎಲ್-5 ದರ್ಜೆ ಹೈಪಾಯ್ಡ್ ಆಕ್ಸಲ್ಲುಗಳಿಗೆ ಇಂದಿಗೂ ಆಧಾರವಾಗಿವೆ.

ಜಿಎಲ್-5 ಎಂಬುದು ಜಿಎಲ್-4ಕ್ಕಿಂತ ಮೇಲಿನ ದರ್ಜೆ, ಆದ್ದರಿಂದ ಎಲ್ಲಿ ಹಾಕಿದರೂ ಒಳ್ಳೆಯದು ಎಂಬ ನಂಬಿಕೆ ಬಹಳ ಗೇರ್‌ಬಾಕ್ಸುಗಳನ್ನು ಕೆಡಿಸಿದೆ. ಮ್ಯಾನುಯಲ್ ಗೇರ್‌ಬಾಕ್ಸಿನ ಸಿಂಕ್ರೊನೈಸರ್ ಉಂಗುರಗಳು ಉಜ್ಜಿಯೇ ಕೆಲಸ ಮಾಡಬೇಕು. ಎಣ್ಣೆ ಅತಿ ಜಾರಾದರೆ ಗೇರು ಕೂರುವಾಗ ಕರಕರ ಎನ್ನುತ್ತದೆ. ಉಂಗುರ ಹಿತ್ತಾಳೆಯದಾದರೆ ಬಿಸಿಯೇರಿದ ಗಂಧಕ ತಾಮ್ರದ ಅಂಶವನ್ನು ತಿನ್ನುವ ಅಪಾಯವೂ ಉಂಟು. 1990ರ ದಶಕದ ಡಾಡ್ಜ್ ಮತ್ತು ಜನರಲ್ ಮೋಟರ್ಸ್ (ಜಿಎಂ) ಟ್ರಕ್ಕುಗಳಲ್ಲಿದ್ದ ಎನ್‌ವಿ4500 ಐದು ಗೇರಿನ ಪೆಟ್ಟಿಗೆಗೆ ಅದಕ್ಕೆಂದೇ ಗೊತ್ತುಪಡಿಸಿದ ಸಿಂಥೆಟಿಕ್ ಜಿಎಲ್-4 ಎಣ್ಣೆ ಬೇಕಿತ್ತು. ಅದೇ ಕಾಲದ ಟ್ರೆಮೆಕ್ ಟಿ-56 ಎಂಬ ಆರು ಗೇರಿನ ಮ್ಯಾನುಯಲ್ ಪೆಟ್ಟಿಗೆಗೆ ಹಲವು ವಾಹನಗಳಲ್ಲಿ ಕೆಂಪು ಬಣ್ಣದ ಆಟೋಮ್ಯಾಟಿಕ್ ದ್ರವವನ್ನೇ ತುಂಬುತ್ತಿದ್ದರು.

ಆ ಕೆಂಪು ದ್ರವದ ಕಥೆ ಬೇರೆಯೇ. ಜನರಲ್ ಮೋಟರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಿಗೆ ಹೈಡ್ರಾ-ಮ್ಯಾಟಿಕ್ ಗೇರ್‌ಬಾಕ್ಸ್ ಅಳವಡಿಸಿತು. 1949ರಲ್ಲಿ ಅಂಥ ಪೆಟ್ಟಿಗೆಗಳಿಗಾಗಿ ‘ಟೈಪ್ ಎ’ ಎಂಬ ದ್ರವದ ಮಾನದಂಡವನ್ನು ಹೊರತಂದಿತು. ಗೇರು ಬದಲಾಗುವುದು ಪ್ರಯಾಣಿಕರಿಗೆ ತಿಳಿಯಬಾರದೆಂಬುದು ಜಿಎಂ ಬಯಕೆ. ಅದಕ್ಕೆ ನೆರವಾದದ್ದು ಸ್ಪರ್ಮ್ ತಿಮಿಂಗಿಲದ ಎಣ್ಣೆ. ಮೇಣದ ಜಾತಿಗೆ ಸೇರಿದ ಈ ದ್ರವ ಬಿಸಿಗೆ ಬೇಗ ಕೆಡದೆ, ಲೋಹದ ಮೈಗೆ ಅಂಟಿಕೊಂಡು, ಪ್ಲೇಟುಗಳು ಎಳೆದಾಟವಿಲ್ಲದೆ ಮೆಲ್ಲಗೆ ಕೂಡುವಂತೆ ಮಾಡುತ್ತಿತ್ತು. 1970ರಲ್ಲಿ ಸ್ಪರ್ಮ್ ತಿಮಿಂಗಿಲ ಅಮೆರಿಕದ ಅಪಾಯದಂಚಿನ ಪ್ರಾಣಿಗಳ ಪಟ್ಟಿ ಸೇರಿದ ಮೇಲೆ ಅದರ ಎಣ್ಣೆಯ ಬಳಕೆ ನಿಲ್ಲಬೇಕಾಯಿತು. ನಿಲ್ಲಲೇಬೇಕಿತ್ತು. ಒಂದು ಗೇರ್‌ಬಾಕ್ಸಿನ ನಯಕ್ಕಾಗಿ ತಿಮಿಂಗಿಲ ಕೊಲ್ಲುವುದಕ್ಕೆ ಯಾವ ಸಮರ್ಥನೆಯೂ ಇರಲಿಲ್ಲ. ರಸಾಯನ ತಜ್ಞರು ಬದಲಿ ಹುಡುಕಲು ಪಾಡುಪಟ್ಟರು. 1967ರಲ್ಲಿ ಬಂದಿದ್ದ ಜಿಎಂನ ಡೆಕ್ಸ್‌ರಾನ್ ದ್ರವ 1970ರ ದಶಕದಲ್ಲಿ ಡೆಕ್ಸ್‌ರಾನ್-2 ಆಯಿತು. ಅದರ ಮೊದಲ ಮಿಶ್ರಣಗಳಲ್ಲೊಂದು ಕೂಲರಿನ ಬೆಸುಗೆಯನ್ನು ತಿನ್ನುತ್ತದೆಂದು ಕಂಡಾಗ ಅದನ್ನೂ ತಿದ್ದಬೇಕಾಯಿತು. ತಿಮಿಂಗಿಲದ ಎಣ್ಣೆಯಂಥದೇ ರಚನೆಯ ಜೊಜೊಬಾ ಬೀಜದ ಎಣ್ಣೆಯತ್ತ ಸಂಶೋಧಕರು ಹೊರಳಿದ್ದೂ ಆಗಲೇ.

ಫೋರ್ಡ್ ಬೇರೆ ದಾರಿ ಹಿಡಿಯಿತು. ಅದರ ‘ಟೈಪ್ ಎಫ್’ ದ್ರವದಲ್ಲಿ ಘರ್ಷಣೆಯನ್ನು ಮೆದುಗೊಳಿಸುವ ಸೇರ್ಪಡೆ ಇರಲಿಲ್ಲ. ಪ್ಲೇಟುಗಳ ಜಾರಾಟ ನಿಲ್ಲುತ್ತ ಬಂದಂತೆ ಹಿಡಿತ ಹೆಚ್ಚಿ, ಗೇರು ಥಟ್ಟನೆ ಕೂರುತ್ತಿತ್ತು. ಡ್ರ್ಯಾಗ್ ರೇಸಿನವರಿಗೆ ಬೇಕಾದದ್ದೂ ಇದೇ. ಜಿಎಂನ ಟರ್ಬೊ 400 ಪೆಟ್ಟಿಗೆಗೂ ಟೈಪ್ ಎಫ್ ಸುರಿಯುವ ರೂಢಿ ಬೆಳೆಯಿತು. ಹಳೆಯ ರೇಸ್ ಪೆಟ್ಟಿಗೆಗಳಿಗೆ ಅದು ಒಪ್ಪುವ ಮಾತು. ಕನ್ವರ್ಟರಿನಲ್ಲಿ ಲಾಕಪ್ ಕ್ಲಚ್ ಇರುವ, ಅದನ್ನು ಕಂಪ್ಯೂಟರ್ ಬೇಕೆಂದೇ ಅಷ್ಟಿಷ್ಟು ಜಾರಿಸುವ ನಂತರದ ಪೆಟ್ಟಿಗೆಗಳಿಗೆ ಒಪ್ಪದು. ಅಲ್ಲಿ ಇಡೀ ಗಾಡಿ ನಡುಗುತ್ತದೆ.

ಡಿಫರೆನ್ಷಿಯಲ್ಲಿನಲ್ಲೂ ಇಂಥದೇ ಪ್ರಶ್ನೆ ಎದ್ದದ್ದು ಲಿಮಿಟೆಡ್ ಸ್ಲಿಪ್ ಬಂದ ಮೇಲೆ. ಸ್ಟೂಡಿಬೇಕರ್-ಪ್ಯಾಕರ್ಡ್ 1956ರಲ್ಲಿ, ಷೆವ್ರಲೆ 1957ರಲ್ಲಿ ಅದನ್ನು ಮಾರುಕಟ್ಟೆಗೆ ತಂದವು. ಒಂದು ಚಕ್ರ ಸುಮ್ಮನೆ ತಿರುಗದಂತೆ ಒಳಗಿನ ಕ್ಲಚ್ ಪ್ಲೇಟುಗಳು ತಡೆಯುತ್ತವೆ. ಬರಿಯ ಹೈಪಾಯ್ಡ್ ಎಣ್ಣೆಯಲ್ಲಿ ಅವು ಹಿಡಿದು ಬಿಟ್ಟು ಹಿಡಿದು ಬಿಟ್ಟು, ನಿಧಾನವಾಗಿ ತಿರುಗುವಾಗ ಹಿಂಬದಿಯಿಂದ ಗಡಗಡ ಸದ್ದು ಬರುತ್ತದೆ. ಅದಕ್ಕಾಗಿ 4 ಔನ್ಸಿನ, ಅಂದರೆ ಸುಮಾರು 118 ಮಿಲಿಲೀಟರಿನ ಪುಟ್ಟ ಸೀಸೆಯಲ್ಲಿ ಫ್ರಿಕ್ಷನ್ ಮಾಡಿಫೈಯರ್ ಮಾರುತ್ತಾರೆ. ಅದನ್ನು ಹಾಕಿದ ಮೆಕ್ಯಾನಿಕ್ಕು ಟ್ರಕ್ಕನ್ನು ಖಾಲಿ ಬಯಲಿಗೆ ಒಯ್ದು 8ರ ಆಕಾರದಲ್ಲಿ ನಿಧಾನವಾಗಿ ಸುತ್ತಿಸುತ್ತಾನೆ. ಎಣ್ಣೆ ಪ್ಲೇಟುಗಳ ನಡುವೆ ಇಳಿದಂತೆ ಸದ್ದು ಅಡಗುತ್ತದೆ. ಹೆಚ್ಚು ಸುರಿದರೆ ಹಿಡಿತವೇ ಹೋಗಿ, ದುಡ್ಡು ಕೊಟ್ಟು ಹಾಕಿಸಿದ ಲಿಮಿಟೆಡ್ ಸ್ಲಿಪ್ ಮಾಮೂಲಿ ಡಿಫರೆನ್ಷಿಯಲ್ ಆಗಿಬಿಡುತ್ತದೆ. ಜಿಎಂ ಟ್ರಕ್ಕುಗಳ ಈಟನ್ ಲಾಕರ್ ಡಿಫರೆನ್ಷಿಯಲ್ಲಿಗೆ ಈ ಸೇರ್ಪಡೆ ಹಾಕಲೇಬಾರದು. ತಯಾರಕರು ಹೇಳದ ಸೀಸೆಗಳನ್ನು ಬೆರೆಸುವುದು, ಕಾರ್ಖಾನೆ ತೂಗಿ ಕಟ್ಟಿದ ಮಿಶ್ರಣದ ಹದ ಕೆಡಿಸಿದಂತೆ.

1978ರ ಡಾಡ್ಜ್ ಲಿಲ್ ರೆಡ್ ಎಕ್ಸ್‌ಪ್ರೆಸ್, 1990ರ ಷೆವ್ರಲೆ 454 ಎಸ್‌ಎಸ್, 1991ರ ಜಿಎಂಸಿ ಸೈಕ್ಲೋನ್, 1993ರ ಫೋರ್ಡ್ ಲೈಟ್ನಿಂಗ್ ಮುಂತಾದ, ವೇಗಕ್ಕೆಂದು ಹದಗೊಳಿಸಿದ ಟ್ರಕ್ಕುಗಳಲ್ಲಿ ದೊಡ್ಡ ಶತ್ರು ಬಿಸಿ. ದ್ರವದ ಬಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ 10 ಡಿಗ್ರಿಗೆ ಅದರ ಬಾಳಿಕೆ ಅರ್ಧಕ್ಕಿಳಿಯುತ್ತದೆಂಬುದು ಗ್ಯಾರೇಜುಗಳಲ್ಲಿ ಒಪ್ಪಿತ ಲೆಕ್ಕ. ಹಾಗಾಗಿ ಇಂಥ ಗಾಡಿಗೆ ದುಬಾರಿ ಸೇರ್ಪಡೆಗಿಂತ ದೊಡ್ಡ ಕೂಲರ್ ಹೆಚ್ಚು ಉಪಕಾರಿ. ಬಿಸಿಯಲ್ಲೂ ಪದರ ಉಳಿಯಲೆಂದು ಫೋರ್ಡ್ ಹಲವು ಟ್ರಕ್ಕುಗಳ ಹಿಂದಿನ ಆಕ್ಸಲ್ಲಿಗೆ 75ಡಬ್ಲ್ಯು-140 ಸಿಂಥೆಟಿಕ್ ಎಣ್ಣೆ ಸೂಚಿಸಿತು.

ಗೇರ್‌ಬಾಕ್ಸಿನ ದ್ರವ ಮಾತ್ರ ಇಂಧನ ಉಳಿತಾಯದ ಒತ್ತಡದಿಂದ ತೆಳುವಾಗುತ್ತ ಬಂತು. ಜಿಎಂ 2005ರಲ್ಲಿ ಡೆಕ್ಸ್‌ರಾನ್-6 ತಂದು, 2006ರ ಕೊನೆಗೆ ಡೆಕ್ಸ್‌ರಾನ್-3ರ ಪರವಾನಗಿಗಳನ್ನು ನಿಲ್ಲಿಸಿತು. 2017ರ ಫೋರ್ಡ್ ರ‍್ಯಾಪ್ಟರಿನ 10ಆರ್80 ಎಂಬ ಹತ್ತು ಗೇರಿನ ಪೆಟ್ಟಿಗೆಗೆ ಇನ್ನೂ ತೆಳುವಾದ ಮೆರ್ಕಾನ್ ಯುಎಲ್‌ವಿ ಬೇಕು. ಹಿಂದಿನ ಆರು ಗೇರಿನ ಪೆಟ್ಟಿಗೆಗಳ ದ್ರವ ಮೆರ್ಕಾನ್ ಎಲ್‌ವಿ. ಹೆಸರು ಹತ್ತಿರವಾದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವಂತಿಲ್ಲ.